ಇದರಲ್ಲಿ ಮಷೀನು ಎಲ್ಲಿದೆ ಮಾರಾಯ್ರೆ?

ನನ್ನ ಹೆಸರಿರುವ ಪೇಟೆಂಟ್ ಎರಡಿವೆ. ಊರಲ್ಲಿ ಹೀಗೆ ಹೇಳಿದರೆ ಜನ ನನ್ನನ್ನು ವಿಜ್ಞಾನಿ ಅಂದುಕೊಂಡುಬಿಡುತ್ತಾರೆ, ಹಾಗಾಗಿ ಹೇಳಲು ಹೋಗುವುದಿಲ್ಲ. ಎರಡೂ ಅಮೆರಿಕದ ಪೇಟೆಂಟ್. ಎರಡಕ್ಕೂ ನಾನು ಮಾಲೀಕನಲ್ಲ, ಆಗ ಕೆಲಸ ಮಾಡುತ್ತಿದ್ದ ಕಂಪನಿಯೇ ಮಾಲೀಕ. ನನಗೆ ಸಿಕ್ಕಿದ್ದು ಒಂದಷ್ಟು ಬೋನಸ್ಸು, ಜೊತೆಗೆ ಮರದ ಹಲಗೆಗೆ ಹಿತ್ತಾಳೆ ಬಣ್ಣದ ತಗಡು ಅಂಟಿಸಿದ ಎರಡು ಫಲಕ. ಬೆಂಗಳೂರಿನ ಮನೆಯಲ್ಲಿ ಒಂದು ಟಿವಿ ಪಕ್ಕ ಇದೆ. ಇನ್ನೊಂದು ಎಲ್ಲಿದೆ ಅಂತ ಹೆಂಡತಿಯನ್ನು ಕೇಳಬೇಕು.

ಕಳೆದ ಅಡಿಕೆ ಸುಗ್ಗಿಯಲ್ಲಿ ಸಾಗರದ ಹತ್ತಿರ ಸೋದರಮಾವನ ಮನೆಗೆ ಹೋಗಿದ್ದೆ. ನಾನು ಹೋದ ದಿನವೇ ಅಡಿಕೆ ಸುಲಿಯುವ ಮಷೀನು ಕೈಕೊಟ್ಟಿತ್ತು. ಅಂಗಳದಲ್ಲಿ ಹಸಿ ಅಡಿಕೆ ರಾಶಿ ಬಿದ್ದಿದೆ, ತಡವಾದರೆ ಮಾಲು ಕೆಡುತ್ತದೆ, ಮಾವನ ಮುಖ ನೋಡುವ ಹಾಗಿರಲಿಲ್ಲ. ನಾನು ಚಿಕ್ಕವನಿದ್ದಾಗ ಇದೇ ಅಂಗಳದಲ್ಲಿ ಹತ್ತು ಹದಿನೈದು ಜನ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತು, ಡಬ್ಬದ ಲೆಕ್ಕದ ಕೂಲಿಗೆ, ಊರಿನ ಅಷ್ಟೂ ಸುದ್ದಿ ಮಾತಾಡುತ್ತಾ ರಾತ್ರಿ ಹನ್ನೊಂದರ ತನಕ ಸುಲಿಯುತ್ತಿದ್ದರು. ಈಗ ಸುಲಿಯಲು ಜನ ಸಿಗುವುದಿಲ್ಲ. ಸಿಗುವವರಿಗೂ ವಯಸ್ಸಾಗಿದೆ. ಮಷೀನು ನಿಂತರೆ ಮನೆ ಕೆಲಸವೇ ನಿಂತ ಹಾಗೆ. ಒಂದು ಪಿಕಪ್ ಕರೆಸಿ, ಮಷೀನನ್ನು ಅದಕ್ಕೆ ಏರಿಸಿ, ಅದನ್ನು ಮಾಡಿದ ವರ್ಕ್‌ಶಾಪಿಗೇ ಹೋದೆವು.

ರಸ್ತೆ ಬದಿಯ ಶೆಡ್ಡು. ಒಂದು ಲೇತು, ಒಂದು ವೆಲ್ಡಿಂಗ್ ಸೆಟ್ಟು, ಗೋಡೆಗೆ ಒರಗಿಸಿಟ್ಟ ಕಬ್ಬಿಣದ ಆ್ಯಂಗಲ್‌ಗಳು, ನೆಲದ ತುಂಬ ಅಡಿಕೆ ಸಿಪ್ಪೆ. ವರ್ಕ್‌ಶಾಪಿನವರು ಮಷೀನಿನ ಕವರ್ ಬಿಚ್ಚಿದರು. ಒಳಗೆ ತಿರುಗುವ ಬ್ಲೇಡುಗಳು, ಅವುಗಳ ಎದುರಿಗೆ ಕಾಯಿಯನ್ನು ಒತ್ತಿ ಹಿಡಿಯುವ ಒಂದು ರಬ್ಬರ್ ಪಟ್ಟಿ, ಆ ಪಟ್ಟಿಯ ಹಿಂದೆ ಸ್ಪ್ರಿಂಗು. ಆಟ ಇರುವುದೆಲ್ಲ ಆ ಸ್ಪ್ರಿಂಗಿನಲ್ಲಿ. ಅಡಿಕೆ ಕಾಯಿ ಒಂದೇ ಗಾತ್ರ ಇರುವುದಿಲ್ಲವಲ್ಲ. ಒಂದೇ ಗೊನೆಯಲ್ಲಿ ಎಳೆಯದೂ ಇರುತ್ತದೆ, ಬಲಿತದ್ದೂ ಇರುತ್ತದೆ. ಸ್ಪ್ರಿಂಗು ಬಿಗಿಯಾದರೆ ಬ್ಲೇಡು ಒಳಗಿನ ಅಡಿಕೆಗೇ ಗಾಯ ಮಾಡುತ್ತದೆ, ಸಡಿಲವಾದರೆ ಸಿಪ್ಪೆ ಅರ್ಧ ಉಳಿಯುತ್ತದೆ. ಗಾಯವಾದ ಅಡಿಕೆಗೆ ಮಂಡಿಯಲ್ಲಿ ರೇಟು ಕಡಿಮೆ.

"ಇದು ನಿಮ್ಮದೇ ಡಿಸೈನಾ?" ಅಂತ ಸುಮ್ನೆ ಕೇಳಿದೆ.

"ಸ್ಪ್ರಿಂಗ್ ನಂದು. ಬ್ಲೇಡು ತೀರ್ಥಹಳ್ಳಿ ಕಡೆಯವರೊಬ್ಬರದ್ದು. ಮೇಲಿನ ಈ ಬುಟ್ಟಿ ಶಿರಸಿ ಕಡೆ ಒಂದು ಮಷೀನಲ್ಲಿ ನೋಡಿದ್ದು, ಆದ್ರೆ ಅವರು ಇಷ್ಟು ಓರೆ ಇಟ್ಟಿರಲಿಲ್ಲ. ಈಗ ಅವರೂ ಓರೆ ಮಾಡಿದಾರಂತೆ, ನನ್ನದು ನೋಡಿ."

ಇದನ್ನು ಹೇಳುವಾಗ ಅವರ ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಪೇಟೆಂಟ್ ಮಾಡಿಸಿಲ್ಲವಾ ಅಂತ ಕೇಳಿದೆ. ಎಲ್ಲರೂ ಅದನ್ನೇ ಕೇಳುತ್ತಾರೆ ಅಂದರು. ಆಗ ಮಾವ, ಅಳಿಯನ ದೊಡ್ಡಸ್ತಿಕೆ ತೋರಿಸಲು ಇದೇ ಸಮಯ ಅಂತ, "ಇವನ ಹತ್ರ ಎರಡಿದೆ!" ಅಂದುಬಿಟ್ಟರು. ವರ್ಕ್‌ಶಾಪಿನವರು ಎಲ್ಲಿ ತೋರಿಸಿ ಅಂದರು. ಫೋನಿನಲ್ಲಿ ಹುಡುಕಿ ತೆಗೆದೆ. ಇಂಗ್ಲಿಷು, ಓದಿ ಹೇಳಿ ಅಂದರು. ಮೊದಲನೆಯ ಕ್ಲೇಮನ್ನು, ಅಂದರೆ ಇದು ನನ್ನದು ಅಂತ ಹೇಳಿಕೊಳ್ಳುವ ಭಾಗವನ್ನು, ನಿಂತಲ್ಲೇ ಕನ್ನಡ ಮಾಡಿದೆ. ಸುಮಾರು ಹೀಗಿತ್ತು: "ಒಂದು ವಿಧಾನ, ಅದರಲ್ಲಿ ಮೊದಲನೇ ಸಾಧನವು ಎರಡನೇ ಸಾಧನದಿಂದ ಒಂದು ಸಂದೇಶವನ್ನು ಪಡೆಯುವುದು, ಸದರಿ ಸಂದೇಶವು ಕನಿಷ್ಠ ಒಂದು ಮೌಲ್ಯವನ್ನು ಒಳಗೊಂಡಿರುವುದು, ಸದರಿ ಮೌಲ್ಯವು ಮೊದಲೇ ನಿಗದಿಯಾದ ಮಿತಿಗಿಂತ ಕೆಳಗಿಳಿದಾಗ, ಸದರಿ ಮೊದಲನೇ ಸಾಧನವು..."

ಸ್ಪ್ಯಾನರ್ ಹಿಡಿದುಕೊಂಡೇ ಪೂರ್ತಿ ಕೇಳಿದರು. ಆಮೇಲೆ, "ಇದರಲ್ಲಿ ಮಷೀನು ಎಲ್ಲಿದೆ ಮಾರಾಯ್ರೆ?" ಅಂದರು.

ಮಾವ ಜೋರಾಗಿ ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ಬೆಂಗಳೂರಿಗೆ ವಾಪಸ್ ಬಂದ ಮೇಲೂ ತಲೆಯಿಂದ ಹೋಗಲಿಲ್ಲ. ಆ ಪೇಟೆಂಟಿನಲ್ಲಿ ಇದ್ದದ್ದು ಇಷ್ಟೇ: ಫೋನಿನ ಬ್ಯಾಟರಿ ಕಡಿಮೆಯಾದಾಗ ಅದು ಸರ್ವರ್ ಜೊತೆ ಮಾತಾಡುವುದನ್ನು ಕಡಿಮೆ ಮಾಡಬೇಕು, ಎಷ್ಟು ಕಡಿಮೆ ಅನ್ನುವುದನ್ನು ಸರ್ವರ್ ಹೇಳಬೇಕು. ಒಂದು ಮಧ್ಯಾಹ್ನ ಮೂರು ಜನ ಬೋರ್ಡಿನ ಮುಂದೆ ನಿಂತು ಹೊಳೆಸಿಕೊಂಡದ್ದು. ಅದನ್ನು ವಕೀಲರು ಮೂವತ್ತು ಪುಟ ಮಾಡಿದರು. ಕೊನೆಗೆ ನಮ್ಮ ಸಹಿಗೆ ಬಂದಾಗ, ಇದು ನಮ್ಮದೇ ಐಡಿಯಾ ಹೌದೋ ಅಲ್ಲವೋ ಅಂತ ನಮಗೇ ಗೊತ್ತಾಗದ ಹಾಗಿತ್ತು.

"ಸದರಿ" ಅನ್ನುವ ಪದ ನಮಗೆ ಎಲ್ಲಿಂದ ಪರಿಚಯ? ಕ್ರಯಪತ್ರದಿಂದ. ಸದರಿ ಜಮೀನಿನ ಚಕ್ಕುಬಂದಿ: ಪೂರ್ವಕ್ಕೆ ಇಂಥವರ ತೋಟ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ರಸ್ತೆ. ಪೇಟೆಂಟಿನ ಕ್ಲೇಮು ಕೂಡ ಚಕ್ಕುಬಂದಿಯೇ. ಇಲ್ಲಿಂದ ಇಲ್ಲಿಯವರೆಗೆ ನನ್ನದು, ನನ್ನನ್ನು ಕೇಳದೆ ಒಳಗೆ ಬರಬೇಡಿ ಅಂತ ಬರೆದುಕೊಳ್ಳುವುದು. (ನಮ್ಮ ಪತ್ರಿಕೆಗಳು ಪೇಟೆಂಟಿಗೂ ಕಾಪಿರೈಟಿಗೂ 'ಹಕ್ಕುಸ್ವಾಮ್ಯ' ಅಂತಲೇ ಬರೆದು ಗೊಂದಲ ಮಾಡುತ್ತವೆ, ಅದಕ್ಕೇ ನಾನು ಪೇಟೆಂಟ್ ಅಂತಲೇ ಬರೆಯುತ್ತೇನೆ.) ಆದರೆ ಜಮೀನಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಪೇಟೆಂಟ್ ಒಂದು ಕೊಡು-ತಗೋ ವ್ಯವಹಾರ. ಸರ್ಕಾರ ಹೇಳುತ್ತದೆ: ನೀನು ಕಂಡುಹಿಡಿದ ಗುಟ್ಟನ್ನು ಬೇರೆಯವರು ಓದಿ ಮಾಡಿಕೊಳ್ಳುವಷ್ಟು ಬಿಡಿಸಿ ಬರೆದುಕೊಡು, ಅದಕ್ಕೆ ಬದಲಾಗಿ ಅರ್ಜಿ ಹಾಕಿದ ದಿನದಿಂದ 20 ವರ್ಷ ನಿನ್ನನ್ನು ಬಿಟ್ಟು ಬೇರೆ ಯಾರೂ ಅದನ್ನು ಮಾಡದ ಹಾಗೆ ತಡೆಯುವ ಹಕ್ಕು ಕೊಡುತ್ತೇನೆ. 20 ವರ್ಷ ಆದ ಮೇಲೆ ಎಲ್ಲರದ್ದು.

ಪೇಟೆಂಟಿನಿಂದ ಹೊಸ ತಂತ್ರಜ್ಞಾನ ಬೆಳೆಯುತ್ತದೋ ಸಾಯುತ್ತದೋ ಅಂತ ವಾದ ಮಾಡುವವರು ಸಾಮಾನ್ಯವಾಗಿ ಈ 20 ವರ್ಷದ ಬೇಲಿಯ ಬಗ್ಗೆಯೇ ಜಗಳ ಆಡುತ್ತಾರೆ. ನಾನು ನೋಡುವುದು ವ್ಯವಹಾರದ ಇನ್ನೊಂದು ಕಡೆಯನ್ನು. ಗುಟ್ಟು ಬಿಟ್ಟುಕೊಡುತ್ತೇನೆ ಅಂದರಲ್ಲ, ಬಿಟ್ಟುಕೊಟ್ಟರಾ? ಅದನ್ನು ಯಾರಾದರೂ ಓದಿದರಾ?

ನನ್ನ ಪೇಟೆಂಟುಗಳನ್ನು ಯಾವ ಎಂಜಿನಿಯರೂ ಓದಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ಓದಬಾರದು ಅಂತ ನಮಗೆ ಹೇಳಿಯೇ ಇರುತ್ತಾರೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡಿದವರಲ್ಲಿ ಅನೇಕರು ಈ ಉಪದೇಶ ಕೇಳಿರುತ್ತೀರಿ: ಬೇರೆಯವರ ಪೇಟೆಂಟ್ ಹುಡುಕಲು ಹೋಗಬೇಡಿ, ಅದರ ಬಗ್ಗೆ ಇಮೇಲಿನಲ್ಲಿ ಒಂದು ಸಾಲೂ ಬರೆಯಬೇಡಿ. ಕಾರಣ ಇದೆ. ಅಮೆರಿಕದ ಕಾನೂನಿನಲ್ಲಿ, ಗೊತ್ತಿದ್ದೂ ಬೇಲಿ ಹಾರಿದಿರಿ ಅಂತ ಸಾಬೀತಾದರೆ ಪರಿಹಾರವನ್ನು ಮೂರು ಪಟ್ಟಿನವರೆಗೆ ಏರಿಸಬಹುದು. ಹಾಗಾಗಿ ಗೊತ್ತಿಲ್ಲದಿರುವುದೇ ಕ್ಷೇಮ. ಎಲ್ಲರೂ ಕಲಿಯಲಿ ಅಂತ ಪ್ರಕಟಿಸಿದ ಪುಸ್ತಕವನ್ನು ಕಲಿಯಬೇಕಾದವರೇ ಕಣ್ಣುಮುಚ್ಚಿಕೊಂಡು ದಾಟಿ ಹೋಗುತ್ತಾರೆ.

ಹಾಗಾದರೆ ಕಂಪನಿಗಳು ಇದನ್ನು ಯಾಕೆ ಗುಡ್ಡೆ ಹಾಕುತ್ತವೆ? ನೀನು ನನ್ನ ಮೇಲೆ ಕೇಸು ಹಾಕಿದರೆ ನಾನೂ ನಿನ್ನ ಮೇಲೆ ಹಾಕುತ್ತೇನೆ ಅನ್ನಲು. 2011ರಲ್ಲಿ ಗೂಗಲ್ 12.5 ಬಿಲಿಯನ್ ಡಾಲರಿಗೆ ಮೊಟೊರೊಲಾ ಮೊಬಿಲಿಟಿಯನ್ನು ಕೊಳ್ಳುತ್ತೇನೆ ಅಂದಾಗ ಅದರ ದೊಡ್ಡ ಆಕರ್ಷಣೆ ಫೋನುಗಳಲ್ಲ, ಪೇಟೆಂಟಿನ ರಾಶಿ. ನಮ್ಮ ಕಾನೂನು ಇಲ್ಲಿ ಸ್ವಲ್ಪ ಜಾಣತನ ತೋರಿಸಿದೆ. ಭಾರತದ ಪೇಟೆಂಟ್ ಕಾಯ್ದೆಯ ಕಲಂ 3(ಕೆ) ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಮಿಗೆ ಪೇಟೆಂಟ್ ಇಲ್ಲ. ಅದರ ಸುತ್ತ ವಕೀಲರು ದಾರಿ ಹುಡುಕುತ್ತಲೇ ಇರುತ್ತಾರೆ, ಅದು ಬೇರೆ ವಿಷಯ.

ಇಷ್ಟು ಬರೆದ ಮೇಲೆ, ಪೇಟೆಂಟೇ ಬೇಡ ಅನ್ನುವ ಗುಂಪಿಗೆ ನನ್ನನ್ನು ಸೇರಿಸಬೇಡಿ. ಔಷಧಿಯ ವಿಷಯಕ್ಕೆ ಬಂದರೆ ನನ್ನ ವಾದ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಔಷಧಿಯ ಅಣುವೊಂದಕ್ಕೆ ಚಕ್ಕುಬಂದಿ ಬರೆಯುವುದು ಸುಲಭ. ಇಂಥ ರಚನೆ, ಇಷ್ಟು ಇಂಗಾಲ, ಇಲ್ಲಿ ಸಾರಜನಕ ಅಂತ ಬರೆದರೆ ಮುಗಿಯಿತು, ಬೇಲಿ ಎಲ್ಲಿದೆ ಅಂತ ಎಲ್ಲರಿಗೂ ಕಾಣುತ್ತದೆ. ಕಂಡುಹಿಡಿಯಲು ವರ್ಷಗಟ್ಟಲೆ ಬೇಕು, ಹತ್ತಾರು ಅಣುಗಳು ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ಬಿದ್ದುಹೋಗುತ್ತವೆ, ಒಂದು ಗೆಲ್ಲುತ್ತದೆ. ಗೆದ್ದ ಮಾತ್ರೆಯನ್ನು ನಕಲು ಮಾಡಲು ಒಳ್ಳೆಯ ರಸಾಯನಶಾಸ್ತ್ರಜ್ಞರಿಗೆ ಅಷ್ಟು ಸಮಯ ಬೇಡ. ಇಲ್ಲಿ ಬೇಲಿಯೇ ಇಲ್ಲದಿದ್ದರೆ ಯಾರು ದುಡ್ಡು ಹಾಕುತ್ತಾರೆ?

ಇದಕ್ಕೆ ನಮ್ಮ ದೇಶ ಕೊಟ್ಟ ಉತ್ತರ ಕುತೂಹಲದ್ದು. ಸ್ವಾತಂತ್ರ್ಯ ಬಂದ ಮೇಲೂ ಬ್ರಿಟಿಷರ 1911ರ ಕಾಯ್ದೆಯೇ ನಡೆಯುತ್ತಿತ್ತು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ಒಂದು ವರದಿ ಕೊಟ್ಟರು. ಅದರ ಮೇಲೆ 1970ರ ಕಾಯ್ದೆ ಬಂತು, 1972ರಲ್ಲಿ ಜಾರಿಯಾಯಿತು. ಅದರಲ್ಲಿ ಔಷಧಿಗೆ ಪೇಟೆಂಟ್ ಇಲ್ಲ, ಔಷಧಿ ಮಾಡುವ ವಿಧಾನಕ್ಕೆ ಮಾತ್ರ, ಅದೂ ಹೆಚ್ಚೆಂದರೆ 7 ವರ್ಷ. ಅಂದರೆ ಸಾಗರದಿಂದ ಬೆಂಗಳೂರಿಗೆ ಹೋಗುವ ಒಂದು ರಸ್ತೆ ನಿನ್ನದು, ಬೆಂಗಳೂರು ನಿನ್ನದಲ್ಲ. ಬೇರೆ ರಸ್ತೆ ಹಿಡಿದು ಬೆಂಗಳೂರು ಮುಟ್ಟಿದರೆ ಯಾರೂ ಕೇಳುವ ಹಾಗಿಲ್ಲ. ನಮ್ಮವರು ಬೇರೆ ರಸ್ತೆ ಹುಡುಕುವುದರಲ್ಲಿ ಎಷ್ಟು ಪಳಗಿಬಿಟ್ಟರು ಅಂದರೆ, 2001ರಲ್ಲಿ ಸಿಪ್ಲಾ ಕಂಪನಿ ಎಚ್‌ಐವಿಯ ಮೂರು ಔಷಧಿಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆ ಅಂದಿತು. ಅದೇ ಚಿಕಿತ್ಸೆಗೆ ಪಶ್ಚಿಮದ ದೇಶಗಳಲ್ಲಿ 10,000 ಡಾಲರಿಗೂ ಜಾಸ್ತಿ ಆಗುತ್ತಿತ್ತು. ಆಫ್ರಿಕಾದಲ್ಲಿ ಎಷ್ಟು ಜನ ಅದರಿಂದ ಬದುಕಿದರು ಅಂತ ಯೋಚಿಸಿದರೆ ನಕಲು ಅನ್ನುವ ಪದವೇ ಬಾಯಿಗೆ ಬರುವುದಿಲ್ಲ. ಆದರೆ ಇನ್ನೊಂದು ಮಾತೂ ಹೇಳಬೇಕು. ಅಷ್ಟು ವರ್ಷಗಳಲ್ಲಿ ಭಾರತದಲ್ಲೇ ಮೊದಲು ಹುಟ್ಟಿ ಜಗತ್ತಿಗೆ ಹೋದ ಹೊಸ ಔಷಧಿಗಳು ಬಹಳ ಕಡಿಮೆ. ರಸ್ತೆ ಮಾಡಿದೆವು, ಊರು ಕಟ್ಟಲಿಲ್ಲ.

ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕಾಗಿ 2005ರಲ್ಲಿ ಔಷಧಿಗೂ ಪೇಟೆಂಟ್ ಕೊಡಲೇಬೇಕಾಯಿತು. ಆಗ ಸಂಸತ್ತು ಕಾಯ್ದೆಯಲ್ಲಿ ಕಲಂ 3(ಡಿ) ಅನ್ನುವ ಒಂದು ಮೊಳೆ ಹೊಡೆದಿಟ್ಟಿತು: ಹಳೆಯ ಔಷಧಿಗೆ ಹೊಸ ಅಂಗಿ ತೊಡಿಸಿ ಮತ್ತೆ 20 ವರ್ಷ ಕೇಳುವ ಹಾಗಿಲ್ಲ, ಗುಣ ನಿಜವಾಗಿ ಹೆಚ್ಚಾಗಿದೆ ಅಂತ ತೋರಿಸಬೇಕು. ಅದೇ ಮೊಳೆಗೆ ಸಿಕ್ಕಿಕೊಂಡು ನೊವಾರ್ಟಿಸ್‌ನ ಗ್ಲಿವೆಕ್ ಕ್ಯಾನ್ಸರ್ ಔಷಧಿಯ ಅರ್ಜಿ 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿತ್ತು. ಅದಕ್ಕೆ ಒಂದು ವರ್ಷ ಮೊದಲು, ತಿಂಗಳಿಗೆ 2.8 ಲಕ್ಷ ರೂಪಾಯಿಯ ಬೇಯರ್ ಕಂಪನಿಯ ಇನ್ನೊಂದು ಕ್ಯಾನ್ಸರ್ ಮಾತ್ರೆಯನ್ನು ನ್ಯಾಟ್ಕೊ ಕಂಪನಿ 8,880ಕ್ಕೆ ಮಾರಬಹುದು ಅಂತ ಕಡ್ಡಾಯ ಲೈಸೆನ್ಸ್, ಅಂದರೆ ಪೇಟೆಂಟಿನ ಮಾಲೀಕ ಒಪ್ಪದಿದ್ದರೂ ಸರ್ಕಾರವೇ ಕೊಡುವ ಅನುಮತಿ, ಕೊಡಲಾಯಿತು. ಮೂಲ ಕಂಪನಿಗೆ ರಾಯಲ್ಟಿ ಕೊಡಬೇಕು ಅನ್ನುವ ಷರತ್ತಿನೊಂದಿಗೆ. ನನಗೆ ಇದು ಸರಿ ಅನ್ನಿಸುತ್ತದೆ. ಬೇಲಿ ಇರಲಿ, ಆದರೆ ಬೇಲಿಯಲ್ಲಿ ದಾಟಲು ಒಂದು ದಣಪೆಯೂ ಇರಲಿ.

ಸುಲಿಯುವ ಮಷೀನಿಗೆ ವಾಪಸ್ ಬರುತ್ತೇನೆ. ಸಾಗರ, ಶಿರಸಿ, ತೀರ್ಥಹಳ್ಳಿ ಅಂತ ಒಬ್ಬರದ್ದು ಒಬ್ಬರು ನೋಡಿ ತಿದ್ದುವ ಈ ಪದ್ಧತಿ ನೋಡಿ ನನಗೆ ನೆನಪಾದದ್ದು ಇಂಗ್ಲೆಂಡಿನ ಕಾರ್ನ್‌ವಾಲ್.

ಜೇಮ್ಸ್ ವಾಟ್ ತನ್ನ ಉಗಿ ಯಂತ್ರಕ್ಕೆ 1769ರಲ್ಲಿ ಪೇಟೆಂಟ್ ಪಡೆದ. 1775ರಲ್ಲಿ ಪಾರ್ಲಿಮೆಂಟಿಗೆ ಹೋಗಿ ಅದನ್ನು 1800ರವರೆಗೆ ಹಿಗ್ಗಿಸಿಕೊಂಡ. ಕಾರ್ನ್‌ವಾಲಿನ ತಾಮ್ರ, ತವರದ ಗಣಿಗಳಲ್ಲಿ ನೀರೆತ್ತಲು ಈ ಯಂತ್ರ ಬೇಕೇ ಬೇಕು, ಅಲ್ಲಿ ಕಲ್ಲಿದ್ದಲು ದುಬಾರಿ. ಹಳೆಯ ಯಂತ್ರಕ್ಕೆ ಹೋಲಿಸಿದರೆ ಎಷ್ಟು ಕಲ್ಲಿದ್ದಲು ಉಳಿಯಿತೋ ಅದರ ಬೆಲೆಯ ಮೂರರಲ್ಲಿ ಒಂದು ಭಾಗವನ್ನು ಗಣಿಯವರು ವಾಟ್ ಮತ್ತು ಅವನ ಪಾಲುದಾರ ಬೋಲ್ಟನ್‌ಗೆ ಕೊಡಬೇಕಿತ್ತು. ಗೇಣಿ ಇದ್ದ ಹಾಗೆ. ಜೊನಾಥನ್ ಹಾರ್ನ್‌ಬ್ಲೋವರ್ ಎರಡು ಸಿಲಿಂಡರಿನ ಯಂತ್ರ ಮಾಡಿದರೆ, ಅದೂ ನಮ್ಮ ಬೇಲಿಯೊಳಗೇ ಬರುತ್ತದೆ ಅಂದರು. ಸ್ವತಃ ವಾಟ್‌ಗೂ ಬೇಲಿ ತಗುಲಿತು. ಚಕ್ರ ತಿರುಗಿಸುವ ಕ್ರ್ಯಾಂಕಿನ ಪೇಟೆಂಟ್ ಬೇರೆಯವರ ಕೈಯಲ್ಲಿತ್ತು, ಅದನ್ನು ತಪ್ಪಿಸಲು ಅವನು ಹಲ್ಲುಚಕ್ರಗಳ ಬೇರೊಂದು ಜೋಡಣೆಯನ್ನೇ ಹುಡುಕಬೇಕಾಯಿತು. (ಬೇಲಿ ಅಡ್ಡ ಬಂದದ್ದಕ್ಕೇ ಹೊಸದೊಂದು ಹುಟ್ಟಿತಲ್ಲ ಅಂತ ಪೇಟೆಂಟ್ ಪರದವರು ಇದನ್ನೇ ತಮ್ಮ ಕಡೆಗೆ ಎಳೆದುಕೊಳ್ಳಬಹುದು. ಎಳೆದುಕೊಳ್ಳಲಿ. ಆದರೆ ಕ್ರ್ಯಾಂಕಿನ ಪೇಟೆಂಟ್ ಮುಗಿದ ಮೇಲೆ ಎಲ್ಲರೂ ಕ್ರ್ಯಾಂಕಿಗೇ ವಾಪಸ್ ಹೋದರು.)

1800 ದಾಟಿದ ಮೇಲೆ ರಿಚರ್ಡ್ ಟ್ರೆವಿಥಿಕ್‌ನಂಥವರು, ವಾಟ್ ಹೆದರುತ್ತಿದ್ದ ಜಾಸ್ತಿ ಒತ್ತಡದ ಉಗಿಗೆ ಕೈಹಾಕಿದರು. 1811ರಿಂದ ಕಾರ್ನ್‌ವಾಲಿನ ಗಣಿಗಳವರು ಒಂದು ಮಾಸಿಕ ವರದಿ ಶುರು ಮಾಡಿದರು. ಜೋಯಲ್ ಲೀನ್ ಅನ್ನುವ ಗಣಿ ಮೇಲ್ವಿಚಾರಕ ಅದನ್ನು ನಡೆಸುತ್ತಿದ್ದ. ಯಾವ ಗಣಿಯ ಯಂತ್ರ, ಯಾವ ಎಂಜಿನಿಯರ್ ಮಾಡಿದ್ದು, ಇಷ್ಟು ಕಲ್ಲಿದ್ದಲಿಗೆ ಎಷ್ಟು ನೀರೆತ್ತಿತು ಅಂತ ಎಲ್ಲರ ಲೆಕ್ಕವೂ ಎಲ್ಲರ ಕಣ್ಣಿಗೆ ಬೀಳುವ ಹಾಗೆ. ಚೆನ್ನಾಗಿ ಓಡಿದ ಯಂತ್ರ ಮಾಡಿದವನಿಗೆ ಮುಂದಿನ ಗಣಿಯ ಕೆಲಸ ಸಿಗುತ್ತಿತ್ತು. ಅದರ ಉಪಾಯ ಪಕ್ಕದ ಗಣಿಗೂ ಹೋಗುತ್ತಿತ್ತು. ಮುಂದಿನ ಮೂವತ್ತು ವರ್ಷಗಳಲ್ಲಿ ಕಾರ್ನ್‌ವಾಲಿನ ಒಳ್ಳೆಯ ಯಂತ್ರಗಳು ವಾಟ್‌ನ ಯಂತ್ರಗಳನ್ನು ಎಷ್ಟೋ ಹಿಂದೆ ಹಾಕಿದವು. ನಮ್ಮ ಕಡೆ ಮಾಸಿಕ ವರದಿ ಇಲ್ಲ, ಮಂಡಿ ಇದೆ. ಯಾರ ಮಷೀನಿನ ಅಡಿಕೆಗೆ ಗಾಯ ಜಾಸ್ತಿ ಅನ್ನುವ ಸುದ್ದಿ ಮಂಡಿಯ ಕಟ್ಟೆಯಲ್ಲಿ ಒಂದೇ ವಾರದಲ್ಲಿ ಹರಡುತ್ತದೆ.

ವಾಟ್‌ಗೂ ನ್ಯಾಯ ಸಲ್ಲಬೇಕು. ಆ ಪೇಟೆಂಟ್ ಹಿಗ್ಗದೇ ಹೋಗಿದ್ದರೆ ಬೋಲ್ಟನ್ ದುಡ್ಡು ಹಾಕುತ್ತಿರಲಿಲ್ಲ, ದುಡ್ಡಿಲ್ಲದೆ ಯಂತ್ರ ಗಣಿಯ ಬಾಯಿಗೆ ಬರುತ್ತಲೂ ಇರಲಿಲ್ಲವೇನೋ. ನನ್ನ ತಕರಾರು ಆ ಉದ್ದದ ಬಗ್ಗೆ, ಪಕ್ಕದವನು ಮಾಡಿದ್ದನ್ನೂ ನನ್ನದೇ ಅನ್ನುವ ಅಗಲದ ಬಗ್ಗೆ.

ಅದೇ ಶೆಡ್ಡಿನ ಮೂಲೆಯಲ್ಲಿ ಇನ್ನೊಂದು ಪುಟ್ಟ ಯಂತ್ರ ಟಿಕ್ ಟಿಕ್ ಅಂತ ಓಡುತ್ತಿತ್ತು. ವರ್ಕ್‌ಶಾಪಿನವರ ಮಗ ತಂದಿಟ್ಟ 3ಡಿ ಪ್ರಿಂಟರು. ಬ್ಲೇಡು ಹಿಡಿಯುವ ತುಂಡನ್ನು ಮೊದಲು ಪ್ಲಾಸ್ಟಿಕ್‌ನಲ್ಲಿ ಮಾಡಿ, ಕೂರುತ್ತದಾ ಅಂತ ನೋಡಿ, ಆಮೇಲೆ ಲೇತಿಗೆ ಹೋಗುತ್ತಾರೆ. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರ ಪದರವಾಗಿ ಕೂರಿಸುವ ಈ ಉಪಾಯಕ್ಕೆ ಅಮೆರಿಕದ ಸ್ಕಾಟ್ ಕ್ರಂಪ್ 1989ರಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದರು. ಮಗಳಿಗೆ ಅಂಟಿನ ಗನ್ನಿನಲ್ಲಿ ಆಟದ ಕಪ್ಪೆ ಮಾಡಲು ಹೋಗಿ ಹೊಳೆದದ್ದಂತೆ. ಇಪ್ಪತ್ತು ವರ್ಷ ಅದು ದೊಡ್ಡ ಕಾರ್ಖಾನೆಗಳ ದುಬಾರಿ ಯಂತ್ರವಾಗಿಯೇ ಉಳಿಯಿತು. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ 2005ರಲ್ಲೇ, ಯಾರು ಬೇಕಾದರೂ ಮಾಡಿಕೊಳ್ಳಬಹುದಾದ ಪ್ರಿಂಟರಿನ ನಕ್ಷೆ ಹಂಚುವ ಕೆಲಸ ಶುರು ಮಾಡಿದ್ದರು. 2009ರಲ್ಲಿ ಪೇಟೆಂಟ್ ಮುಗಿಯಿತು. ಆಮೇಲೆ ಅಂಗಡಿಗಳು ತೆರೆದವು, ಬೆಲೆ ಇಳಿಯಿತು, ಇಳಿದು ಇಳಿದು ಈ ಶೆಡ್ಡಿನ ಮೂಲೆಗೂ ಬಂತು. ಪೇಟೆಂಟ್ ಇಲ್ಲದಿದ್ದರೆ ಕ್ರಂಪ್ ಕಂಪನಿ ಕಟ್ಟುತ್ತಿದ್ದರಾ? ಪೇಟೆಂಟ್ ಹತ್ತೇ ವರ್ಷ ಇದ್ದಿದ್ದರೆ ಈ ಪ್ರಿಂಟರು ಇಲ್ಲಿಗೆ ಹತ್ತು ವರ್ಷ ಮೊದಲೇ ಬರುತ್ತಿತ್ತಾ? ಎರಡಕ್ಕೂ ಹೌದು ಅನ್ನಬೇಕು ಅನ್ನಿಸುತ್ತದೆ, ಅಲ್ವಾ.

ಆ ದಿನ ವರ್ಕ್‌ಶಾಪಿನವರಿಗೆ ನನ್ನಿಂದ ಏನಾದರೂ ಸಹಾಯ ಆಗಲಿ ಅಂತ, ನೀವೂ ಅರ್ಜಿ ಹಾಕಬಹುದು ಅಂದಿದ್ದೆ. ಒಬ್ಬ ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್‌ನಲ್ಲಿ ಹಾಕಿದರೆ ಸರ್ಕಾರದ ಅರ್ಜಿ ಶುಲ್ಕ 1,600 ರೂಪಾಯಿ, ಪರೀಕ್ಷೆ ಮಾಡಿ ಅಂತ ಕೇಳಲು ಇನ್ನು 4,000. ನಮ್ಮ ರಾಜ್ಯದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ಇದೆಲ್ಲ ಹೇಳುತ್ತಾ ಹೋದವನಿಗೆ ಮಧ್ಯದಲ್ಲಿ ಹೊಳೆಯಿತು.

"ಈ ಸ್ಪ್ರಿಂಗ್ ಹಾಕಿದ ಮಷೀನು ಯಾವಾಗಿಂದ ಮಾರ್ತಾ ಇದೀರಿ?"

"ಇದು ಮೂರನೇ ಸುಗ್ಗಿ."

ಹಾಗಾದರೆ ಆಗುವುದಿಲ್ಲ ಅಂತ ಹೇಳಬೇಕಾಯಿತು. ಅರ್ಜಿ ಹಾಕುವ ಮೊದಲು ಅದು ಜನರ ಕಣ್ಣಿಗೆ ಬಿದ್ದಿರಬಾರದು. ಮಾರಿದರೆ, ಬಿಚ್ಚಿ ತೋರಿಸಿದರೆ ಹೊಸತು ಅನ್ನುವ ಹಕ್ಕೇ ಹೋಗುತ್ತದೆ.

"ಹಂಗಾದ್ರೆ ಮೊದಲು ಮುಚ್ಚಿಡಬೇಕಾ? ನಾಲ್ಕು ಮನೆ ಅಡಿಕೆ ಸುಲಿದು ನೋಡದೆ ಇದು ಸರಿ ಇದೆ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರಾಥಮಿಕ ಅರ್ಜಿ ಹಾಕಿ ಒಂದು ವರ್ಷದೊಳಗೆ ಪೂರ್ತಿ ಮಾಡಬಹುದು ಅಂತೆಲ್ಲ ಇದೆ, ನಿಜ. ಆದರೆ ಅವರ ಸ್ಪ್ರಿಂಗು ಒಂದು ಸುಗ್ಗಿಯಲ್ಲಿ ಹುಟ್ಟಿದ್ದಲ್ಲ. ಮೊದಲ ವರ್ಷ ಬಿಗಿ ಜಾಸ್ತಿಯಾಯಿತಂತೆ, ಎರಡನೇ ವರ್ಷ ರಬ್ಬರ್ ಸವೆಯಿತಂತೆ, ಪ್ರತಿ ಸಲವೂ ತೋಟದವರು ಬೈದ ಮೇಲೆ ಸರಿಯಾದದ್ದು. ಮೂವರು ಎಂಜಿನಿಯರ್‌ಗಳು ಎಸಿ ರೂಮಿನಲ್ಲಿ ಒಂದು ಮಧ್ಯಾಹ್ನ ಹೊಳೆಸಿಕೊಂಡು, ಬಾಗಿಲು ಹಾಕಿಕೊಂಡು ವಕೀಲರಿಗೆ ಕೊಡುವುದಕ್ಕೆ ಈ ಕಾನೂನು ಹೇಳಿ ಮಾಡಿಸಿದ ಹಾಗಿದೆ. ಇನ್ನು, ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಶಿರಸಿಯವರ ಮೇಲೆ ಕೇಸು ಹಾಕಿ ವರ್ಷಗಟ್ಟಲೆ ಓಡಾಡುವವರು ಯಾರು? ಹಾಕಿದರೆ ಆ ಓರೆ ಬುಟ್ಟಿಯ ಲೆಕ್ಕ ಕೊಡುವವರು ಯಾರು?

ಹೊಸ ಸ್ಪ್ರಿಂಗು ಕೂರಿಸಿ, ಮಾವ ಚೀಲದಲ್ಲಿ ತಂದಿದ್ದ ಹಸಿ ಅಡಿಕೆಯನ್ನು ಎರಡು ಬೊಗಸೆ ಹಾಕಿ ಓಡಿಸಿದರು. ಮೊದಲ ಸಲ ನಾಲ್ಕೈದಕ್ಕೆ ಗಾಯವಾಯಿತು. ನಟ್ಟನ್ನು ಅರ್ಧ ಸುತ್ತು ಸಡಿಲ ಮಾಡಿ ಮತ್ತೆ ಓಡಿಸಿದರು. ಈ ಸಲ ಒಂದು. ಮಾವ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಅಡ್ಡಿಲ್ಲೆ" ಅಂದರು. ಅವರಿಂದ ಅಷ್ಟು ಬಂದರೆ ದೊಡ್ಡ ಮೆಚ್ಚುಗೆ.

ಮಷೀನನ್ನು ಪಿಕಪ್ಪಿಗೆ ಹತ್ತಿಸುವಷ್ಟರಲ್ಲಿ ಇನ್ನೊಂದು ಗಾಡಿ ಬಂದು ನಿಂತಿತು. ಅದರಲ್ಲಿದ್ದದ್ದು ಬೇರೆ ಯಾರೋ ಮಾಡಿದ ಸುಲಿಯುವ ಮಷೀನು, ಬಣ್ಣವೇ ಬೇರೆ. ಮಾಡಿದವರು ದೂರ ಇದ್ದಾರಂತೆ, ಹತ್ತಿರ ಅಂತ ಇಲ್ಲಿಗೆ ತಂದಿದ್ದಾರೆ. ನಮ್ಮ ವರ್ಕ್‌ಶಾಪಿನವರು ದುಡ್ಡು ಎಣಿಸಿ ಜೇಬಿಗೆ ಹಾಕಿಕೊಂಡು ಅದರ ಕವರ್ ಬಿಚ್ಚಿದರು. ಒಳಗೆ ಒಂದು ನಿಮಿಷ ಸುಮ್ಮನೆ ನೋಡಿದರು. ಆಮೇಲೆ ಅದೇ ಜೇಬಿನಿಂದ ಮೊಬೈಲ್ ತೆಗೆದು, ಮಗನನ್ನು ಕರೆದು ಟಾರ್ಚ್ ಹಿಡಿಯಲು ಹೇಳಿ, ಎರಡು ಫೋಟೋ ಹೊಡೆದುಕೊಂಡರು.